ಮೊದಲು ಸುಣ್ಣ, ಆಮೇಲೆ ಗೊಬ್ಬರ

(ಭಟ್ಕಳ, ಹೊನ್ನಾವರ ಹಾಗೂ ಕುಮಟಾ ತಾಲೂಕುಗಳ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ನೀಡಿದ ಮಾಹಿತಿಯ ಬರಹರೂಪ)



ಮೇ ತಿಂಗಳು ಬಂತೆಂದರೆ ನಮ್ಮ ಸಂಘಗಳ ಸಾಲದ ಪುಸ್ತಕದಲ್ಲಿ ಒಂದೇ ಕಾರಣ ಮತ್ತೆ ಮತ್ತೆ ಕಾಣುತ್ತದೆ: ‘ಗೊಬ್ಬರಕ್ಕೆ’. ಸಾಲ ತೆಗೆದುಕೊಳ್ಳುವುದು ತಪ್ಪಲ್ಲ. ಬೆಳೆ ಬಂದರೆ ತೀರಿಸಬಹುದು. ಆದರೆ ಗೊಬ್ಬರ ಹಾಕಿಯೂ ಬೆಳೆ ಏಳದಿದ್ದರೆ? ವಾರದ ಕಂತು ನಿಲ್ಲುವುದಿಲ್ಲ. ಮೀನು ಮಾರಿದ ದುಡ್ಡಿನಿಂದಲೋ, ಮಲ್ಲಿಗೆ ಕಟ್ಟಿದ ದುಡ್ಡಿನಿಂದಲೋ ಅದನ್ನು ತುಂಬಬೇಕಾಗುತ್ತದೆ. ಆಗ ನಾವು ಅಂಗಡಿಯ ಗೊಬ್ಬರ ಸರಿಯಿಲ್ಲ ಎನ್ನುತ್ತೇವೆ, ಬೀಜ ಸರಿಯಿಲ್ಲ ಎನ್ನುತ್ತೇವೆ, ಇಲ್ಲವೇ ಮುಂದಿನ ವರ್ಷ ಇನ್ನೊಂದು ಚೀಲ ಹೆಚ್ಚು ಹಾಕುತ್ತೇವೆ.

ಇಂದು ನಾವು ಹೇಳಲಿಕ್ಕೆ ಬಂದಿರುವುದು ಒಂದೇ ಮಾತು. ನಮ್ಮ ಕರಾವಳಿಯ ಮಣ್ಣು ಹುಳಿ ಮಣ್ಣು. ಹುಳಿ ಮುರಿಯದೆ ಗೊಬ್ಬರ ಹಾಕಿದರೆ ಆ ಗೊಬ್ಬರದ ದೊಡ್ಡ ಪಾಲು ಗಿಡಕ್ಕೆ ಸಿಗುವುದೇ ಇಲ್ಲ. ಆದ್ದರಿಂದ ಇನ್ನೊಂದು ಚೀಲಕ್ಕೆ ಸಾಲ ಮಾಡುವ ಮುಂಚೆ ಮಣ್ಣು ಪರೀಕ್ಷೆ ಮಾಡಿಸಿ. ಸುಣ್ಣ ಬೇಕೆಂದು ಬಂದರೆ ಮೊದಲು ಸುಣ್ಣಕ್ಕೆ ಖರ್ಚು ಮಾಡಿ.

ಮಣ್ಣು ಹುಳಿ ಯಾಕೆ ಆಗುತ್ತದೆ?

ಮನೆ ಕಟ್ಟಲು ನಾವು ಕಡಿಯುವ ಚಿರೆಕಲ್ಲು ಇದೆಯಲ್ಲ, ನಮ್ಮ ಮಕ್ಕಿ ಗದ್ದೆ, ಹಿತ್ತಲು, ತೋಟದ ಮಣ್ಣು ಹೆಚ್ಚಾಗಿ ಅದೇ ಜಾತಿಯದು. ಅದರಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಜಾಸ್ತಿ, ಅದಕ್ಕೇ ಆ ಕೆಂಪು ಬಣ್ಣ. ನಮ್ಮ ಮೂರೂ ತಾಲೂಕುಗಳಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಹೋಗುತ್ತದೆ. ಸಾವಿರಾರು ವರ್ಷಗಳಿಂದ ಈ ನೀರು ಮಣ್ಣಿನಲ್ಲಿದ್ದ ಸುಣ್ಣಾಂಶ, ಮೆಗ್ನೀಸಿಯಂ, ಪೊಟ್ಯಾಷ್ ಎಲ್ಲವನ್ನೂ ತೊಳೆದು ಹೊಳೆಗೆ, ಸಮುದ್ರಕ್ಕೆ ಸೇರಿಸಿದೆ. ಹೋಗದೆ ಉಳಿದದ್ದು ಹುಳಿ.

ಇದಕ್ಕೆ ನಮ್ಮ ಕೈಯೂ ಸೇರುತ್ತದೆ. ಯೂರಿಯಾ, ಅಮೋನಿಯಂ ಸಲ್ಫೇಟ್, ಡಿ.ಎ.ಪಿ. ಇವನ್ನು ವರ್ಷ ವರ್ಷ ಹಾಕುತ್ತ ಹೋದರೆ ಮಣ್ಣಿನ ಹುಳಿ ಮೆಲ್ಲಗೆ ಏರುತ್ತದೆ. ಬೆಳೆ ಕೊಯ್ದು ಹುಲ್ಲು, ಕಾಯಿ, ಸೋಗೆ ಎಲ್ಲ ಹೊತ್ತು ತಂದಾಗ ಅದರ ಜೊತೆ ಸುಣ್ಣಾಂಶವೂ ಗದ್ದೆ ಬಿಟ್ಟು ಬರುತ್ತದೆ.

ಹುಳಿಯನ್ನು ಅಳೆಯುವ ಅಳತೆಗೆ ರಸಸಾರ ಎನ್ನುತ್ತಾರೆ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಪಿ.ಎಚ್. ಎಂದು ಬರೆದಿರುತ್ತದೆ. 7 ಅಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಹೆಚ್ಚಿನ ಬೆಳೆಗಳಿಗೆ 6ರಿಂದ 7.5 ಒಗ್ಗುತ್ತದೆ. 5.5ಕ್ಕಿಂತ ಕೆಳಗೆ ಇಳಿದರೆ ತೊಂದರೆ ಶುರು. ಒಂದು ವಿಷಯ ನೆನಪಿಡಿ: ಈ ಅಳತೆಯಲ್ಲಿ 1 ಇಳಿದರೆ ಹುಳಿ 10 ಪಟ್ಟು ಹೆಚ್ಚುತ್ತದೆ. 7ರ ಮಣ್ಣಿಗಿಂತ 5ರ ಮಣ್ಣು 100 ಪಟ್ಟು ಹುಳಿ. ಚೀಟಿಯಲ್ಲಿ ‘ಸ್ವಲ್ಪವೇ ಕಮ್ಮಿ ಇದೆಯಲ್ಲ’ ಅಂತ ಬಿಡುವ ಹಾಗಿಲ್ಲ.

ಹಾಕಿದ ಗೊಬ್ಬರ ಎಲ್ಲಿ ಹೋಗುತ್ತದೆ?

ಮಣ್ಣಿನ ರಸಸಾರ 5.5ಕ್ಕಿಂತ ಕೆಳಗಿದ್ದಾಗ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನು ಹಾಳುಮಾಡುತ್ತದೆ. ಬೇರು ಮೊಂಡಾಗಿ, ದಪ್ಪವಾಗಿ, ಮೇಲೆಮೇಲೆಯೇ ಉಳಿಯುತ್ತದೆ. ಕೆಳಗಿನ ತೇವ, ಕೆಳಗಿನ ಸತ್ವ ಅದಕ್ಕೆ ಎಟುಕುವುದಿಲ್ಲ. ಮಳೆ ನಿಂತ ಹದಿನೈದು ದಿನಕ್ಕೇ ಗಿಡ ಬಾಡುತ್ತದೆ.

ಎರಡನೆಯದು, ನಾವು ದುಡ್ಡು ಕೊಟ್ಟು ತಂದ ಡಿ.ಎ.ಪಿ., ಸೂಪರ್ ಫಾಸ್ಫೇಟ್‌ಗಳಲ್ಲಿ ಇರುವ ರಂಜಕವನ್ನು ಆ ಕಬ್ಬಿಣ, ಅಲ್ಯೂಮಿನಿಯಂ ಹಿಡಿದು ಕಟ್ಟಿಹಾಕುತ್ತವೆ. ರಂಜಕ ಮಣ್ಣಿನಲ್ಲೇ ಇರುತ್ತದೆ, ಆದರೆ ಗಿಡಕ್ಕೆ ಸಿಗದು. ಪೆಟ್ಟಿಗೆಯಲ್ಲಿ ದುಡ್ಡಿದ್ದು ಕೀಲಿಕೈ ಬೇರೆಯವರ ಹತ್ತಿರ ಇದ್ದ ಹಾಗೆ.

ಮೂರನೆಯದು, ಶೇಂಗಾ, ಅಲಸಂದೆ, ಹೆಸರು, ಉದ್ದು ಇವುಗಳ ಬೇರಿನಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕವನ್ನು ಪುಕ್ಕಟೆ ಕೊಡುವ ಸೂಕ್ಷ್ಮಜೀವಿಗಳು ಹುಳಿ ಮಣ್ಣಿನಲ್ಲಿ ಬದುಕುವುದೇ ಕಷ್ಟ. ಇದನ್ನು ನೀವೇ ನೋಡಬಹುದು. ಹೂ ಬಿಡುವ ಹೊತ್ತಿಗೆ ಒಂದು ಅಲಸಂದೆ ಗಿಡವನ್ನು ಬೇರು ಹರಿಯದಂತೆ ಅಗೆದು ತೆಗೆಯಿರಿ. ಬೇರಿನ ಗಂಟು ಸೀಳಿದಾಗ ಒಳಗೆ ಗುಲಾಬಿ ಬಣ್ಣವಿದ್ದರೆ ಅದು ಕೆಲಸ ಮಾಡುತ್ತಿದೆ. ಗಂಟೇ ಇಲ್ಲ, ಅಥವಾ ಒಳಗೆ ಬಿಳಚಿಕೊಂಡಿದೆ ಎಂದರೆ ಮಣ್ಣು ಪರೀಕ್ಷೆ ಮಾಡಿಸಲೇಬೇಕು.

ಸುಣ್ಣ ಮಾಡುವ ಕೆಲಸ ನಿಮಗೆ ಹೊಸದಲ್ಲ

ಅಡಿಕೆ ತೋಟ ಇರುವವರಿಗೆ ಬೋರ್ಡೋ ದ್ರಾವಣ ಗೊತ್ತಿದೆ. ಮೈಲುತುತ್ತವನ್ನು ಬರೀ ನೀರಲ್ಲಿ ಕರಗಿಸಿ ಹೊಡೆದರೆ ಕೊನೆಯೇ ಸುಟ್ಟು ಹೋಗುತ್ತದೆ. 100 ಲೀಟರಿಗೆ 1 ಕಿಲೋ ಮೈಲುತುತ್ತಕ್ಕೆ 1 ಕಿಲೋ ಸುಣ್ಣ ಸೇರಿಸಿದಾಗ ಅದರ ಹುಳಿ ಮುರಿದು ಕೊಳೆರೋಗದ ಮದ್ದಾಗುತ್ತದೆ. ಸರಿಯಾಯಿತೋ ಇಲ್ಲವೋ ಎಂದು ಚಾಕು ಅದ್ದಿ ನೋಡುತ್ತೇವೆ. ಮಣ್ಣಿನಲ್ಲೂ ಸುಣ್ಣ ಮಾಡುವುದು ಇದೇ ಕೆಲಸ. ಹುಳಿ ಮುರಿಯುತ್ತದೆ, ಅಲ್ಯೂಮಿನಿಯಂ ಅಡಗುತ್ತದೆ, ಕಟ್ಟಿಹೋಗಿದ್ದ ರಂಜಕ ಬಿಡುತ್ತದೆ, ಜೊತೆಗೆ ಸುಣ್ಣಾಂಶವೂ ಸಿಗುತ್ತದೆ.

ಜಾರ್ಖಂಡ್, ಅಸ್ಸಾಂನಂಥ ಹುಳಿ ಮಣ್ಣಿನ ರಾಜ್ಯಗಳಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ನಡೆಸಿದ ಪ್ರಯೋಗಗಳು ಇದನ್ನೇ ತೋರಿಸಿವೆ. ಹೆಕ್ಟೇರಿಗೆ 2ರಿಂದ 4 ಕ್ವಿಂಟಾಲ್ ಸುಣ್ಣವನ್ನು ಬಿತ್ತುವ ಸಾಲಿನಲ್ಲಿ ಹಾಕಿ ಅರ್ಧ ಗೊಬ್ಬರ ಕೊಟ್ಟಾಗ, ಸುಣ್ಣವಿಲ್ಲದೆ ಪೂರ್ತಿ ಗೊಬ್ಬರ ಕೊಟ್ಟಷ್ಟೇ ಇಳುವರಿ ಹಲವು ಬೆಳೆಗಳಲ್ಲಿ ಬಂದಿದೆ. 2ರಿಂದ 4 ಕ್ವಿಂಟಾಲ್ ಅಂದರೆ ಗುಂಟೆಗೆ 2ರಿಂದ 4 ಕಿಲೋ ಮಾತ್ರ. ಬ್ರೆಜಿಲ್ ದೇಶದ ಒಳನಾಡಿನಲ್ಲಿ ಏನೂ ಬೆಳೆಯದು ಎಂದು ಬಿಟ್ಟಿದ್ದ ಕೆಂಪು ಹುಳಿ ಭೂಮಿ 1970ರ ದಶಕದಿಂದೀಚೆಗೆ ದೊಡ್ಡ ಬೇಸಾಯದ ನಾಡಾದದ್ದರಲ್ಲಿಯೂ ಸುಣ್ಣ ಮತ್ತು ರಂಜಕದ ಪಾಲು ದೊಡ್ಡದು.

ಯಾವ ಜಾಗಕ್ಕೆ ಮೊದಲು?

ಕೈಯಲ್ಲಿರುವ ದುಡ್ಡು ಕಡಿಮೆ. ಹಾಗಿದ್ದಾಗ ಎಲ್ಲಾ ಕಡೆ ಚೂರು ಚೂರು ಎರಚುವುದು ಬೇಡ.

ನೀರು ನಿಲ್ಲುವ ಬೈಲು ಗದ್ದೆಯಲ್ಲಿ ಒಂದು ಅನುಕೂಲ ಇದೆ. ಗದ್ದೆಯಲ್ಲಿ ಕೆಲವು ವಾರ ನೀರು ನಿಂತರೆ ಹುಳಿ ತಾನಾಗಿಯೇ ಕಡಿಮೆಯಾಗುತ್ತದೆ. ಹಾಗಾಗಿ ಮಳೆಗಾಲದ ನಟ್ಟಿ ಭತ್ತ ಹುಳಿಯನ್ನು ಅಷ್ಟಿಷ್ಟು ತಡೆದುಕೊಳ್ಳುತ್ತದೆ. ಆದರೆ ಭತ್ತ ಕೊಯ್ದು ಗದ್ದೆ ಒಣಗಿದೊಡನೆ ಹುಳಿ ವಾಪಸ್ ಬರುತ್ತದೆ. ಅಲ್ಲೇ ನೀವು ಶೇಂಗಾ, ಅಲಸಂದೆ, ಬದನೆ, ಹೀರೆ ಹಾಕುವುದು! ಆದ್ದರಿಂದ ಮೊದಲ ಸುಣ್ಣ ಭತ್ತದ ನಂತರದ ಬೆಳೆಗೆ, ಮಕ್ಕಿ ಗದ್ದೆಗೆ, ತರಕಾರಿ ಹಿತ್ತಲಿಗೆ.

ಶೇಂಗಾ ಕಾಯೊಳಗೆ ಬೀಜ ತುಂಬಲು ಸುಣ್ಣಾಂಶ ಬೇಕೇ ಬೇಕು. ಕಾಯಿ ಇದ್ದು ಒಳಗೆ ಪೊಳ್ಳು ಎಂದರೆ ಸುಣ್ಣಾಂಶದ ಕೊರತೆಯನ್ನು ಸಂಶಯಿಸಬೇಕು. ಕುಮಟಾದ ಅಳ್ವೆಕೋಡಿ, ಹಂದಿಗೋಣ, ವನ್ನಳ್ಳಿ ಕಡೆ ಹೆದ್ದಾರಿ ಬದಿಯಲ್ಲಿ ಮಾಲೆ ಕಟ್ಟಿ ಮಾರುವ ಸಿಹಿ ಈರುಳ್ಳಿ ಹೆಸರು ಪಡೆದ ಬೆಳೆ; ಈರುಳ್ಳಿ ಹುಳಿ ಮಣ್ಣಿಗೆ ಬೇಗ ಸೋಲುತ್ತದೆ. ಭಟ್ಕಳದ ಮಲ್ಲಿಗೆಗೂ ತೀರಾ ಹುಳಿ ಮಣ್ಣು ಒಗ್ಗದು. ಆದರೆ ಅನಾನಸು, ಗೇರು ಹುಳಿ ತಡೆದುಕೊಳ್ಳುವ ಬೆಳೆಗಳು. ಅವುಗಳ ಸರದಿ ಕಡೆಗೆ.

ಗದ್ದೆಯ ನೀರಿನ ಮೇಲೆ ಎಣ್ಣೆಯಂಥ ಪದರ, ತುಕ್ಕಿನ ಬಣ್ಣದ ಕೆಸರು ಕಂಡರೆ ಅಲ್ಲಿ ಕಬ್ಬಿಣ ಹೆಚ್ಚಾಗಿದೆ. ಅಲ್ಲಿ ಸುಣ್ಣಕ್ಕಿಂತ ಮೊದಲು ಬಸಿಗಾಲುವೆ ತೆಗೆದು ನೀರು ಹೊರಗೆ ಬಿಡಬೇಕು.

ಗಜನಿ ಭೂಮಿಯ ಮಾತು ಬೇರೆ. ಅಘನಾಶಿನಿ ಬದಿಯಲ್ಲಿ ಉಪ್ಪು ನೀರು ಬಂದುಹೋಗುವ ಗದ್ದೆಗಳಲ್ಲಿ ಕಗ್ಗ ಭತ್ತ ಗೊಬ್ಬರವಿಲ್ಲದೆಯೇ ಬೆಳೆದು ಬಂದಿದೆ. ಅಲ್ಲಿ ಉಪ್ಪಿನ ಲೆಕ್ಕವೂ ಇದೆ. ಇವತ್ತಿನ ಈ ಅಳತೆಗಳನ್ನು ಗಜನಿಗೆ ತೆಗೆದುಕೊಂಡು ಹೋಗಬೇಡಿ.

ಮಣ್ಣು ಪರೀಕ್ಷೆ: ಸಂಘದ ಕೆಲಸ

ಕೇಂದ್ರ ಸರ್ಕಾರ ಮಣ್ಣು ಆರೋಗ್ಯ ಚೀಟಿಯ ಯೋಜನೆಯನ್ನು 2015ರ ಫೆಬ್ರವರಿಯಲ್ಲಿ ಆರಂಭಿಸಿತು. ಆ ಚೀಟಿಯಲ್ಲಿ ರಸಸಾರವೂ ಸೇರಿ 12 ಅಂಶಗಳು ಇರುತ್ತವೆ. ನಿಮ್ಮ ಮನೆಯಲ್ಲಿ ಚೀಟಿ ಇದ್ದರೆ ಹುಡುಕಿ ತೆಗೆಯಿರಿ. ಆದರೆ ಈ ಯೋಜನೆಯಲ್ಲಿ ಮಳೆಯಾಶ್ರಿತ ಪ್ರದೇಶದಲ್ಲಿ 10 ಹೆಕ್ಟೇರಿಗೆ ಒಂದು ಮಾದರಿ ತೆಗೆಯುವ ಪದ್ಧತಿ ಇತ್ತು. ಅಂಥ ಚೀಟಿ ನೆರೆಯವರ ಗದ್ದೆಯ ಮಣ್ಣಿನದೂ ಇರಬಹುದು. ಆದ್ದರಿಂದ ನಿಮ್ಮ ಜಾಗದ ಮಣ್ಣನ್ನು ನೀವೇ ತೆಗೆದು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಶಿರಸಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ‘ರಸಸಾರ ಮಾತ್ರ ಅಲ್ಲ, ಎಷ್ಟು ಸುಣ್ಣ ಬೇಕು ಅಂತಲೂ ಬರೆದುಕೊಡಿ’ ಎಂದು ಬಾಯಿಬಿಟ್ಟು ಕೇಳಿ. ಒಂದೇ ರಸಸಾರ ಇದ್ದರೂ ಮರಳು ಮಣ್ಣಿಗೆ ಕಡಿಮೆ ಸುಣ್ಣ ಸಾಕು, ಜೇಡಿ ಮಣ್ಣಿಗೆ ಜಾಸ್ತಿ ಬೇಕು.

ಮಣ್ಣು ತೆಗೆಯುವ ಕ್ರಮ ಹೀಗೆ. ಬೆಳೆ ಕೊಯ್ದ ಮೇಲೆ, ಸುಣ್ಣ-ಗೊಬ್ಬರ ಹಾಕುವ ಮುಂಚೆ ತೆಗೆಯಬೇಕು. ಒಂದು ಗದ್ದೆಯಲ್ಲಿ 8-10 ಕಡೆ ಅರ್ಧ ಅಡಿ ಆಳದ ಗುಂಡಿ ಮಾಡಿ ಬದಿಯಿಂದ ಮೇಲಿನಿಂದ ಕೆಳತನಕ ಒಂದೇ ದಪ್ಪದಲ್ಲಿ ಮಣ್ಣು ಕೆರೆಯಿರಿ. ಹಾಳಿಯ ಬದಿ, ಗೊಬ್ಬರ ರಾಶಿ ಹಾಕಿದ ಜಾಗ, ಮರದ ಬುಡ ಬೇಡ. ಎಲ್ಲವನ್ನೂ ಬಟ್ಟೆಯ ಮೇಲೆ ಕಲಸಿ, ನಾಲ್ಕು ಪಾಲು ಮಾಡಿ, ಎದುರುಬದುರು ಎರಡು ಪಾಲು ಬಿಟ್ಟುಬಿಡಿ. ಅರ್ಧ ಕಿಲೋ ಉಳಿಯುವ ತನಕ ಹೀಗೆ ಮಾಡಿ ನೆರಳಲ್ಲಿ ಒಣಗಿಸಿ. ಗೊಬ್ಬರದ ಚೀಲದಲ್ಲಿ ಮಾತ್ರ ತುಂಬಬೇಡಿ, ಲೆಕ್ಕವೇ ತಪ್ಪಿಹೋಗುತ್ತದೆ. ಹೆಸರು, ಸರ್ವೆ ನಂಬರು, ಮುಂದಿನ ಬೆಳೆ ಬರೆದು ಕಟ್ಟಿ.

‘ಪಹಣಿ ನನ್ನ ಹೆಸರಲ್ಲಿ ಇಲ್ಲವಲ್ಲ’ ಎಂದು ಕೆಲವರು ಹಿಂಜರಿಯುತ್ತೀರಿ. ಪಹಣಿ ಗಂಡನ ಹೆಸರಲ್ಲೋ ಮಾವನ ಹೆಸರಲ್ಲೋ ಇರಲಿ, ನಟ್ಟಿ ಮಾಡುವುದು, ಕಳೆ ತೆಗೆಯುವುದು, ಗೊಬ್ಬರ ಹೊರುವುದು, ಸಾಲದ ಪುಸ್ತಕಕ್ಕೆ ಸಹಿ ಹಾಕುವುದು ನೀವು. ಮಣ್ಣು ಎಂಥದು ಎಂದು ತಿಳಿಯುವ ಹಕ್ಕು ನಿಮ್ಮದೂ ಹೌದು.

ಯಾವ ಸುಣ್ಣ, ಎಷ್ಟು?

ಮೂರು ಬಗೆ ಸಿಗುತ್ತದೆ: ಸುಡದ ಸುಣ್ಣಕಲ್ಲಿನ ಪುಡಿ, ಸುಟ್ಟ ಸುಣ್ಣ, ಅದಕ್ಕೆ ನೀರು ಹಾಕಿ ಅರಳಿಸಿದ ಸುಣ್ಣ. ಸುಣ್ಣಕಲ್ಲಿನ ಪುಡಿ 100 ಕಿಲೋ ಮಾಡುವ ಕೆಲಸವನ್ನು ಅರಳಿಸಿದ ಸುಣ್ಣ ಸುಮಾರು 74 ಕಿಲೋದಲ್ಲಿ, ಸುಟ್ಟ ಸುಣ್ಣ ಸುಮಾರು 56 ಕಿಲೋದಲ್ಲಿ ಮಾಡುತ್ತದೆ. ದರ ಕೇಳುವಾಗ ಈ ಲೆಕ್ಕ ಇಟ್ಟುಕೊಳ್ಳಿ. ಡೋಲೊಮೈಟ್ ಪುಡಿಯಲ್ಲಿ ಸುಣ್ಣಾಂಶದ ಜೊತೆ ಮೆಗ್ನೀಸಿಯಂ ಕೂಡ ಇದೆ. ತೋಟಕ್ಕೆ ಅದು ಒಳ್ಳೆಯದು. ಜಿಪ್ಸಂ ಮಾತ್ರ ಸುಣ್ಣದ ಬದಲಿಗೆ ಅಲ್ಲ. ಶೇಂಗಾಕ್ಕೆ ಸುಣ್ಣಾಂಶ ಕೊಡುತ್ತದೆ, ಆದರೆ ಹುಳಿ ಮುರಿಯುವುದಿಲ್ಲ.

ಪುಡಿ ಹಿಟ್ಟಿನ ಹಾಗೆ ನುಣ್ಣಗಿರಬೇಕು. ರವೆಯ ಹಾಗಿದ್ದರೆ ಕರಗಲು ವರ್ಷಗಟ್ಟಲೆ ಬೇಕು. ಸುಣ್ಣಕಲ್ಲಿನ ಪುಡಿಯ ಮೇಲೆ ನಾಲ್ಕು ಹನಿ ಲಿಂಬೆರಸ ಹಾಕಿ ನೋಡಿ, ನೊರೆ ಏಳಬೇಕು. ಡೋಲೊಮೈಟ್‌ನಲ್ಲಿ ಮೆಲ್ಲಗೆ ಏಳುತ್ತದೆ. ಏನೂ ಆಗದಿದ್ದರೆ ಬರೀ ಕಲ್ಲುಪುಡಿ ಇರಬಹುದು, ಕೊಳ್ಳುವ ಮೊದಲು ವಿಚಾರಿಸಿ.

ಬೆಳಚು ತೆಗೆಯುವ ಮನೆಗಳ ಹಿತ್ತಲಲ್ಲಿ ಚಿಪ್ಪಿನ ರಾಶಿ ಇರುತ್ತದೆ. ಚಿಪ್ಪು ಬಹುತೇಕ ಸುಣ್ಣವೇ. ಹಿಂದಿನವರು ಅದನ್ನೇ ಸುಟ್ಟು ಕವಳಕ್ಕೂ ಗೋಡೆಗೂ ಬಳಸಿದರು. ಹಾಗೇ ಇಡೀ ಚಿಪ್ಪು ಎಸೆದರೆ ಪ್ರಯೋಜನ ಇಲ್ಲ, ಸುಟ್ಟು ಅರಳಿಸಬೇಕು ಅಥವಾ ಪುಡಿ ಮಾಡಬೇಕು. ಆದರೆ ಅಡುಗೆಯಾದ ಮೇಲೆ ಉಳಿದ ಚಿಪ್ಪು ಬೇರೆ, ಹೊಳೆಯ ತಳ ಬಗೆದು ತೆಗೆಯುವ ಚಿಪ್ಪು ಬೇರೆ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಜೌಗು ಪ್ರದೇಶ. ಬೆಳಚು ಹುಟ್ಟುವ ನೆಲವನ್ನೇ ಅಗೆದರೆ ಎಷ್ಟೋ ಹೆಂಗಸರ ಅನ್ನಕ್ಕೆ ಕುತ್ತು.

ಒಲೆಯ ಬೂದಿಯೂ ಸ್ವಲ್ಪ ಹುಳಿ ಮುರಿಯುತ್ತದೆ, ಪೊಟ್ಯಾಷ್ ಕೊಡುತ್ತದೆ. ಎಸೆಯಬೇಡಿ, ತರಕಾರಿ ಬುಡಕ್ಕೆ ಹಾಕಿ.

ಪ್ರಮಾಣವನ್ನು ಪರೀಕ್ಷೆಯ ಚೀಟಿಯೇ ಹೇಳಬೇಕು. ಲೆಕ್ಕ ಮಾಡುವುದು ಸುಲಭ: ಎಕರೆಗೆ 40 ಗುಂಟೆ. ಚೀಟಿಯಲ್ಲಿ ಎಕರೆಗೆ 200 ಕಿಲೋ ಎಂದಿದ್ದರೆ ಗುಂಟೆಗೆ 5 ಕಿಲೋ. ಹೆಕ್ಟೇರಿಗೆ 500 ಕಿಲೋ ಎಂದಿದ್ದರೂ ಹೆಚ್ಚುಕಡಿಮೆ ಅಷ್ಟೇ. ನಮ್ಮಂಥದೇ ಮಣ್ಣಿನ ಕೇರಳದಲ್ಲಿ ಭತ್ತಕ್ಕೆ ಹೆಕ್ಟೇರಿಗೆ 600 ಕಿಲೋ ಸುಣ್ಣವನ್ನು ಎರಡು ಕಂತಿನಲ್ಲಿ ಹೇಳುತ್ತಾರೆ: ಮೊದಲ ಹೂಟಿಗೆ 350, ತಿಂಗಳು ಬಿಟ್ಟು 250. ಗುಂಟೆಗೆ ಅದು ಸುಮಾರು ಮೂರೂವರೆ ಮತ್ತು ಎರಡೂವರೆ ಕಿಲೋ. ಹುಳಿ ತೋಟಗಳಲ್ಲಿ ತೆಂಗಿನ ಮರಕ್ಕೆ ವರ್ಷಕ್ಕೆ 1 ಕಿಲೋ, ಅಡಿಕೆ ಮರಕ್ಕೆ ಎರಡು-ಮೂರು ವರ್ಷಕ್ಕೊಮ್ಮೆ ಅರ್ಧ ಕಿಲೋ ಅಲ್ಲಿನ ರೂಢಿ.

ಹೆಚ್ಚು ಹಾಕಿದರೆ ಬೇಗ ಒಳ್ಳೆಯದಾಗುತ್ತದೆ ಎಂದು ತಿಳಿಯಬೇಡಿ. ಕವಳಕ್ಕೆ ಸುಣ್ಣ ಜಾಸ್ತಿಯಾದರೆ ಬಾಯಿ ಸುಡುತ್ತದಲ್ಲ, ಮಣ್ಣೂ ಹಾಗೆಯೇ. ಸುಣ್ಣ ಮಿತಿ ಮೀರಿದರೆ ಸತು, ಬೋರಾನ್ ಗಿಡಕ್ಕೆ ಸಿಗದೆ ಎಲೆ ಹಳದಿಯಾಗುತ್ತದೆ. ಒಮ್ಮೆ ಪೂರ್ತಿ ಪ್ರಮಾಣ ಹಾಕಿದ ಮೇಲೆ ಮೂರು ವರ್ಷ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿ ಮುಂದುವರಿಯಿರಿ.

ಯಾವಾಗ, ಹೇಗೆ?

ಮೊದಲ ಮಳೆಗೆ ನೆಲ ಹದವಾದಾಗ, ಅಥವಾ ಭತ್ತ ಕೊಯ್ದು ಗದ್ದೆಯಲ್ಲಿ ತೇವ ಇರುವಾಗ ಹಾಕಿ ಮಣ್ಣಿನಲ್ಲಿ ಸೇರಿಸಬೇಕು. ಜೋರು ಮಳೆಯಲ್ಲಿ ಎರಚಿದರೆ ಸುಣ್ಣ ಹೊಳೆಗೆ ಹೋಗುತ್ತದೆ.

ಸುಣ್ಣ ಹಾಕಿದ ಎರಡು-ಮೂರು ವಾರದ ಮೇಲೆಯೇ ಗೊಬ್ಬರ. ಯೂರಿಯಾ, ಅಮೋನಿಯಂ ಗೊಬ್ಬರ, ಹಸಿ ಸಗಣಿ ಇವುಗಳ ಜೊತೆ ಸುಣ್ಣ ಬೆರೆಸಿದರೆ ಸಾರಜನಕ ಗಾಳಿಗೆ ಹಾರಿಹೋಗುತ್ತದೆ. ಮೂಗಿಗೆ ಬಡಿಯುವ ಆ ಖಾರ ವಾಸನೆ ನಿಮ್ಮ ದುಡ್ಡಿನದು. ರಾಕ್ ಫಾಸ್ಫೇಟ್ ಕರಗಲು ಹುಳಿಯೇ ಬೇಕು. ಆದ್ದರಿಂದ ಅದನ್ನೂ ಸುಣ್ಣವನ್ನೂ ಒಟ್ಟಿಗೆ ಹಾಕಬೇಡಿ.

ಸುಣ್ಣ ಹಾಕಿದ್ದೇವೆ, ಗೊಬ್ಬರ ಬೇಡ ಎಂದೂ ಅಲ್ಲ. ಸುಣ್ಣ ದಾರಿ ಬಿಡಿಸುತ್ತದೆ, ಊಟ ಕೊಡುವುದು ಗೊಬ್ಬರ. ಮೂರು ವರ್ಷ ದಾಟಿದ ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್, ಜೊತೆಗೆ ಸೊಪ್ಪು 12 ಕಿಲೋ, ಕಾಂಪೋಸ್ಟ್ 12 ಕಿಲೋ ಎಂಬುದು ಶಿಫಾರಸು. ಅಂಗಡಿಯ ಲೆಕ್ಕದಲ್ಲಿ ಅದು ಸುಮಾರು 220 ಗ್ರಾಂ ಯೂರಿಯಾ, 200 ಗ್ರಾಂ ರಾಕ್ ಫಾಸ್ಫೇಟ್, 235 ಗ್ರಾಂ ಮ್ಯೂರಿಯೇಟ್ ಆಫ್ ಪೊಟ್ಯಾಷ್. ದರಕು, ಸೊಪ್ಪು, ಕೊಟ್ಟಿಗೆ ಗೊಬ್ಬರ ಬಿಡಬೇಡಿ. ಮಳೆಗೆ ಸತ್ವ ತೊಳೆದು ಹೋಗದಂತೆ ಹಿಡಿಯುವುದು ಅವೇ.

ಇನ್ನು ನಿಮ್ಮ ಮೈಕೈಯ ಮಾತು. ಸುಣ್ಣ ಎರಚುವುದು ಹೆಚ್ಚಾಗಿ ಹೆಂಗಸರೇ. ಸುಟ್ಟ ಸುಣ್ಣಕ್ಕೆ ನೀರು ಬಿದ್ದರೆ ಕುದಿಯುತ್ತದೆ. ಮಕ್ಕಳು ಹತ್ತಿರ ಇರಬಾರದು. ಎರಚುವಾಗ ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ, ಮೂಗು-ಬಾಯಿಗೆ ಬಟ್ಟೆ ಕಟ್ಟಿ, ಕೈಗವಸು ಹಾಕಿ, ಬರಿಗಾಲಲ್ಲಿ ಇಳಿಯಬೇಡಿ. ಕಣ್ಣಿಗೆ ಬಿದ್ದರೆ ಉಜ್ಜದೆ ಬಹಳ ಹೊತ್ತು ಶುದ್ಧ ನೀರು ಬಿಟ್ಟು ತೊಳೆದು ಕೂಡಲೇ ಡಾಕ್ಟರ ಹತ್ತಿರ ಹೋಗಿ. ಸುಣ್ಣಕಲ್ಲಿನ ಪುಡಿಯಲ್ಲಿ ಈ ಅಪಾಯ ಬಹಳ ಕಡಿಮೆ.

ನಮ್ಮ ಮಾತನ್ನೂ ಪರೀಕ್ಷಿಸಿ ನೋಡಿ

ಭಾಷಣ ಕೇಳಿ ಯಾರೂ ಇಡೀ ಗದ್ದೆಗೆ ಸುಣ್ಣ ಸುರಿಯಬೇಕಾಗಿಲ್ಲ. ಪ್ರತಿ ಸಂಘದಲ್ಲಿ ಇಬ್ಬರು ಮುಂದೆ ಬನ್ನಿ. ಒಂದೇ ಗದ್ದೆಯಲ್ಲಿ ಅಕ್ಕಪಕ್ಕ ಎರಡು ಗುಂಟೆ ಗುರುತು ಹಾಕಿ. ಎರಡಕ್ಕೂ ಒಂದೇ ಬೀಜ, ಒಂದೇ ದಿನ ಬಿತ್ತನೆ, ಒಂದೇ ಗೊಬ್ಬರ. ಒಂದಕ್ಕೆ ಮಾತ್ರ ಸುಣ್ಣ. ಜಾಗ ಇದ್ದರೆ ಮೂರನೆಯ ಗುಂಟೆಗೆ ಸುಣ್ಣ ಹಾಕಿ ಗೊಬ್ಬರ ಅರ್ಧ ಕೊಡಿ. ಕೊಯ್ದ ಮೇಲೆ ಬೇರೆ ಬೇರೆ ತೂಕ ಮಾಡಿ ಖರ್ಚಿನ ಸಮೇತ ಸಂಘದ ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಸುಣ್ಣದ ಪೂರ್ತಿ ಗುಣ ಕಾಣಲು ಎರಡನೇ ಬೆಳೆಯೂ ಬೇಕಾದೀತು, ಅವಸರ ಬೇಡ.

ಮುಂದಿನ ಸಭೆಗೆ ಮೂರು ಕೆಲಸ ಇಟ್ಟುಕೊಳ್ಳೋಣ. ಪ್ರತಿಯೊಬ್ಬರೂ ಒಂದೊಂದು ಮಣ್ಣಿನ ಮಾದರಿ ತರುವುದು. ರೈತ ಸಂಪರ್ಕ ಕೇಂದ್ರಕ್ಕೆ ಇಬ್ಬರು ಹೋಗಿ ಪರೀಕ್ಷೆಯ ದಿನ, ಶುಲ್ಕ, ಸುಣ್ಣಕ್ಕೆ ಈ ವರ್ಷ ಸಹಾಯಧನ ಇದೆಯೇ ಎಂದು ತಿಳಿದು ಬರುವುದು. ಎಲ್ಲರಿಗೂ ಬೇಕಾದ ಸುಣ್ಣವನ್ನು ಸೇರಿಸಿ ಒಂದೇ ಲೋಡು ತರಿಸಿದರೆ ಸಾಗಣೆ ಎಷ್ಟು ಉಳಿಯುತ್ತದೆ ಎಂದು ಲೆಕ್ಕ ಹಾಕುವುದು. ಸುಣ್ಣದಲ್ಲಿ ಕಲ್ಲಿನ ಬೆಲೆಗಿಂತ ಲಾರಿಯ ಬಾಡಿಗೆಯೇ ಹೆಚ್ಚಾಗಬಹುದು. ಒಬ್ಬೊಬ್ಬರೇ ತರುವುದು ದುಬಾರಿ, ಹದಿನೈದು ಮಂದಿ ಸೇರಿದರೆ ಹಗುರ.

ಇನ್ನು ಮುಂದೆ ಯಾರಾದರೂ ಸದಸ್ಯೆ ‘ಗೊಬ್ಬರಕ್ಕೆ’ ಎಂದು ಸಾಲ ಕೇಳಿದಾಗ ಸಂಘ ಒಂದು ಪ್ರಶ್ನೆ ಕೇಳಲಿ: ‘ಅಕ್ಕಾ, ನಿಮ್ಮ ಮಣ್ಣಿನ ರಸಸಾರ ಎಷ್ಟು?’ ಸಾಲ ತಡೆಯಲಿಕ್ಕಲ್ಲ, ಅವರು ಹಾಕುವ ದುಡ್ಡು ಮಣ್ಣಲ್ಲಿ ಸಿಕ್ಕಿಕೊಳ್ಳದೆ ಬೆಳೆಯಾಗಿ ಮನೆಗೆ ಬರಲಿ ಎಂದು.